ಭೀಮೆಯ ದಡದಲ್ಲಿ ಒಂದು ರಾತ್ರಿ ಮಲಗಲು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಜೂನ್ ಬಂತೆಂದರೆ ಪುಣೆ ಜಿಲ್ಲೆಯಲ್ಲಿ ಜಲಪಾತ, ಡ್ಯಾಮು, ನದಿ ದಡಗಳ ಹತ್ತಿರ ಹೋಗಬೇಡಿ ಎಂಬ ಆದೇಶ ಬರುತ್ತದೆ. ಬರಲೇಬೇಕು. 2024ರ ಜೂನ್ 30ರಂದು ಲೋನಾವಳದ ಭೂಶಿ ಡ್ಯಾಮ್ ಹತ್ತಿರ ಒಂದೇ ಕುಟುಂಬದ ಐವರು ನೀರಿನಲ್ಲಿ ಕೊಚ್ಚಿಹೋದರು. ಮರುವರ್ಷ ಜೂನ್ 15ಕ್ಕೆ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಸತ್ತರು. ನಾವಿರುವ ಚಿಂಚವಡದಿಂದ ಆ ಜಾಗ ದೂರವೇನಲ್ಲ. ಹಾಗಾಗಿ ಮಳೆಗಾಲದ ನಿರ್ಬಂಧದ ಬಗ್ಗೆ ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ಮಳೆ ನಿಂತ ಮೇಲಿನ ತಿಂಗಳುಗಳ ಬಗ್ಗೆ. ನವೆಂಬರ್‌ನಿಂದ ಫೆಬ್ರವರಿ ನಡುವೆ ಸಹ್ಯಾದ್ರಿಯ ಹೊಳೆಗಳು ತಿಳಿಯಾಗಿ, ಮೊಣಕಾಲು ಮಟ್ಟಕ್ಕೆ ಹರಿಯುತ್ತಿರುತ್ತವೆ, ಚಳಿ ಹಿತವಾಗಿರುತ್ತದೆ, ಆಗ ಒಂದು ಕುಟುಂಬ ತನ್ನದೇ ಟೆಂಟು ಹೊತ್ತುಕೊಂಡು ಹೋಗಿ ಕಾಡಿನ ಹೊಳೆ ಪಕ್ಕ ಒಂದು ರಾತ್ರಿ ಮಲಗಿ ಬರಬೇಕೆಂದರೆ ಎಲ್ಲಿಗೆ ಹೋಗಬೇಕು? ಸರಿಯಾದ, ಕಾನೂನಿನ ಪ್ರಕಾರದ ಜಾಗ ಯಾವುದು ಅಂತ ಕೇಳಿದರೆ ಹೇಳುವವರೇ ಇಲ್ಲ.

ಇರುವುದು ಪಾವನಾ ಡ್ಯಾಮಿನ ಹಿನ್ನೀರಿನ ಥರದ ಕ್ಯಾಂಪುಗಳು. ದುಡ್ಡು ಕಟ್ಟಿದರೆ ಟೆಂಟು, ಬಾರ್ಬೆಕ್ಯೂ, ಊಟ ಎಲ್ಲಾ ಸಿಗುತ್ತದೆ. ಅಂಥ ಒಂದು ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ನೀರಿನ ಸದ್ದು ಕೇಳಲಿ ಅಂತ ಹೋದವರಿಗೆ ಮಧ್ಯರಾತ್ರಿ ದಾಟಿದರೂ ಸ್ಪೀಕರ್ ಸದ್ದೇ ಕೇಳಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಅದನ್ನು ಹೇಳಿದರೆ ಅಲ್ಲಿನವರು "ಎಲ್ಲರೂ ಇದಕ್ಕೇ ಬರೋದು ಮೇಡಂ" ಅಂದರು. ಬೆಳಿಗ್ಗೆ ದಡದ ತುಂಬಾ ಪ್ಲಾಸ್ಟಿಕ್ ಲೋಟಗಳು. ಅದೇ ಪಾವನಾ ನೀರನ್ನು ಪಿಂಪ್ರಿ-ಚಿಂಚವಡದ ನಾವೆಲ್ಲ ಕುಡಿಯುತ್ತೇವೆ. ಸಿಟ್ಟು ಬರುತ್ತದೆ ಅಲ್ವಾ?

ನನ್ನ ತಮ್ಮ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಅಡಿರಾಂಡಕ್ ಎಂಬ ಕಾಡಿಗೆ ಕರೆದುಕೊಂಡು ಹೋದ. ರಾಜ್ಯ ಸರ್ಕಾರ 1892ರಲ್ಲಿ ಮಾಡಿದ ಪಾರ್ಕ್ ಅದು. ಸುಮಾರು 24,000 ಚದರ ಕಿಲೋಮೀಟರ್, ನಮ್ಮ ಕಲಬುರಗಿ ಜಿಲ್ಲೆಯ ಎರಡರಷ್ಟಕ್ಕೂ ಜಾಸ್ತಿ. ಒಳಗೆ ಊರುಗಳಿವೆ, ಖಾಸಗಿ ಜಮೀನೂ ಇದೆ. ಉಳಿದ ಸರ್ಕಾರಿ ಕಾಡಿನಲ್ಲಿ ಅಲ್ಲಲ್ಲಿ, ಹೊಳೆ ಕೆರೆಗಳ ಹತ್ತಿರ, ಮರಕ್ಕೆ ಒಂದು ಹಳದಿ ಬಿಲ್ಲೆ ಹೊಡೆದಿರುತ್ತಾರೆ, ಇಲ್ಲಿ ಟೆಂಟು ಹಾಕಬಹುದು ಎಂದು ಅದರ ಮೇಲೆ ಬರೆದಿರುತ್ತದೆ, ಅಷ್ಟೇ. ಕರೆಂಟಿಲ್ಲ, ನಲ್ಲಿಯಿಲ್ಲ, ಅಂಗಡಿಯಿಲ್ಲ. ಕೆಲವು ಕಡೆ ಮರದ ಗುಂಡಿ ಸಂಡಾಸು, ಕಲ್ಲು ಜೋಡಿಸಿದ ಬೆಂಕಿ ಜಾಗ. ಇದಕ್ಕೆ ಅವರು ಪ್ರಿಮಿಟಿವ್ ಕ್ಯಾಂಪಿಂಗ್ ಅನ್ನುತ್ತಾರೆ. ದುಡ್ಡು ಕೊಡುವ ಹಾಗೇ ಇಲ್ಲ. ಒಂದು ಜಾಗದಲ್ಲಿ ಮೂರು ರಾತ್ರಿಗಿಂತ ಜಾಸ್ತಿ ಇರಬೇಕಾದರೆ, ಅಥವಾ ಗುಂಪಿನಲ್ಲಿ ಹತ್ತು ಜನ ಆದರೆ, ರೇಂಜರ್ ಹತ್ತಿರ ಪರವಾನಗಿ ತಗೊಳ್ಳಬೇಕು. ಬಿಲ್ಲೆ ಇಲ್ಲದ ಕಡೆ ಮಲಗುವುದಾದರೆ ನೀರಿನಿಂದ, ರಸ್ತೆಯಿಂದ, ಕಾಲುದಾರಿಯಿಂದ 150 ಅಡಿ ದೂರ ಇರಬೇಕು. ಬಿದ್ದ ಒಣ ಕಟ್ಟಿಗೆ ಮಾತ್ರ ಉರಿಸಬೇಕು, ನಿಂತ ಮರ ಮುಟ್ಟುವ ಹಾಗಿಲ್ಲ. ಕಸ ಎಲ್ಲಾ ವಾಪಸ್ ಹೊತ್ತು ತರಬೇಕು. ಕರಡಿಗಳಿವೆ, ಅದಕ್ಕೆ ಎತ್ತರದ ಬೆಟ್ಟಗಳ ಪೂರ್ವ ಭಾಗದಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಊಟದ ಸಾಮಾನನ್ನು ಕರಡಿಗೆ ತೆರೆಯಲು ಬಾರದ ಗಟ್ಟಿ ಡಬ್ಬದಲ್ಲೇ ಇಡಬೇಕೆಂಬ ನಿಯಮ ಇದೆ.

ಆ ಕಾಡು ಉಳಿದದ್ದು ಹೇಗೆ ಅಂತ ತಮ್ಮ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ನ್ಯೂಯಾರ್ಕ್ ನಗರದ ಪಕ್ಕ ಸಮುದ್ರ ಸೇರುವ ಹಡ್ಸನ್ ನದಿ ಹುಟ್ಟುವುದು ಅಡಿರಾಂಡಕ್‌ನ ಮಾರ್ಸಿ ಬೆಟ್ಟದಲ್ಲಿ. 19ನೇ ಶತಮಾನದಲ್ಲಿ ಅಲ್ಲಿ ಮರ ಕಡಿದು ಕಡಿದು ಗುಡ್ಡಗಳು ಬೋಳಾದವು. ಕಾಡು ಹೋದರೆ ನದಿಯಲ್ಲಿ, ಈರೀ ಕಾಲುವೆಯಲ್ಲಿ ನೀರು ಬತ್ತಿ ಹಡಗು ಓಡುವುದಿಲ್ಲ ಎಂದು ಕೆಳಗಿನ ವ್ಯಾಪಾರಿಗಳೇ ಹೆದರಿದರು. 1894ರಲ್ಲಿ ರಾಜ್ಯದ ಸಂವಿಧಾನದಲ್ಲೇ ಈ ಕಾಡನ್ನು ಎಂದೆಂದಿಗೂ ಕಾಡಾಗಿಯೇ ಇಡಬೇಕೆಂದು ಬರೆದರು. ಮೂಲದ ಕಾಡನ್ನು ಉಳಿಸಿ ಅಂತ ನದಿಯ ಕೆಳಗಿನ ಜನ ಕೇಳಿದರು. ಆ ಕಾಡಿಗೆ ಜನ ಹೋಗುವ ದಾರಿಯನ್ನೂ ಮುಚ್ಚಲಿಲ್ಲ.

ನಾನು ಕಲಬುರಗಿ ಕಡೆಯವಳು. ನಮ್ಮ ಊರಿನವರಿಗೆ ಭೀಮಾ ಅಂದರೆ ಗಾಣಗಾಪುರ, ಸನ್ನತಿ, ಅಫಜಲಪುರ. ಮದುವೆಯಾಗಿ ಪುಣೆಗೆ ಬಂದ ಮೇಲೆ ಆ ಭೀಮೆ ಹುಟ್ಟುವುದು ಇಲ್ಲೇ, ನಮ್ಮ ಜಿಲ್ಲೆಯ ಭೀಮಾಶಂಕರದ ಕಾಡಿನಲ್ಲಿ ಅಂತ ಕಣ್ಣಾರೆ ನೋಡಿದೆ. ಜ್ಯೋತಿರ್ಲಿಂಗದ ದರ್ಶನಕ್ಕೆ ಹೋಗುವ ಕನ್ನಡದ ಜನ ಸಾವಿರಾರು. ಗುಡಿಯಿಂದ ಹಾಗೇ ಬಸ್ ಹತ್ತಿ ವಾಪಸ್ ಬರುತ್ತಾರೆ. ಸುತ್ತಲಿರುವುದು ಸುಮಾರು 130 ಚದರ ಕಿಲೋಮೀಟರಿನ ಅಭಯಾರಣ್ಯ, 1985ರಲ್ಲಿ ಘೋಷಣೆ ಆದದ್ದು. ಇಲ್ಲಿ ಶೇಕ್ರು ಅನ್ನುವ ದೊಡ್ಡ ಕೆಂದಳಿಲು, ಮಹಾರಾಷ್ಟ್ರದ ರಾಜ್ಯ ಪ್ರಾಣಿ, ಎತ್ತರದ ಕೊಂಬೆಗಳಲ್ಲಿ ಗೂಡು ಕಟ್ಟುತ್ತದೆ. ಮಹಾದೇವ ಕೋಳಿ ಆದಿವಾಸಿಗಳ ಊರುಗಳಿವೆ, ಅವರು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ದೇವರಕಾಡುಗಳಿವೆ. ಮಳೆಗಾಲದ ರಾತ್ರಿಗಳಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಬೆಳಕು ಬೀರುವ ಅಣಬೆ ಕೂಡ ಕಾಣುತ್ತದೆ. ಇಲ್ಲಿಂದ ಇಳಿದು ಭೋರ್‌ಗಿರಿ ಎಂಬ ಊರು ದಾಟಿ ಹೋಗುವ ಹೊಳೆಯೇ ಮುಂದೆ ಪುಣೆಯ ಮುಳಾ-ಮುಠಾ ಕೊಳಕನ್ನು ಹೊಟ್ಟೆಗೆ ಹಾಕಿಕೊಂಡು, ಉಜನಿ ಡ್ಯಾಮಿನಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆ ಅನ್ನಿಸಿಕೊಂಡು ನಮ್ಮ ಕಡೆ ಬರುತ್ತದೆ. ಕೆಳಗಿನ ಭೀಮೆಯನ್ನಷ್ಟೇ ಕಂಡವರು ಅಲ್ಲಿ ಮೇಲೆ ಒಂದು ರಾತ್ರಿ ಇದ್ದು, ಬೆಳಗಿನ ತಂಪಿನಲ್ಲಿ ಆ ತಿಳಿ ನೀರನ್ನು ನೋಡಬೇಕು. ಆಮೇಲೆ ನದಿಗೆ ಕಸ ಬಿಡುವುದನ್ನು ನೋಡಿಕೊಂಡು ಸುಮ್ನೆ ಇರಲು ಯಾರಿಗೂ ಮನಸ್ಸಾಗುವುದಿಲ್ಲ ಅಂತ ನನ್ನ ನಂಬಿಕೆ.

ನಾನು ಕೇಳುವುದು ತುಂಬಾ ಚಿಕ್ಕದು. ಅಭಯಾರಣ್ಯದ ಒಳಗೆ, ಪ್ರಾಣಿಗಳ ನಡುವೆ ಹೋಗುವುದು ಬೇಡ. ಅಂಚಿನ ಊರುಗಳ ಹತ್ತಿರ, ಹೊಳೆಯಿಂದ ಸ್ವಲ್ಪ ಮೇಲೆ, ಪ್ರವಾಹದ ಗುರುತಿಗಿಂತ ಎತ್ತರದಲ್ಲಿ ಕೆಲವೇ ಟೆಂಟು ಹಿಡಿಯುವ ಬರೀ ನೆಲವನ್ನು ಅರಣ್ಯ ಇಲಾಖೆ ಗುರುತು ಮಾಡಿ ಕೊಡಲಿ. ಕಾಟೇಜು ಬೇಡ, ಲೈಟು ಬೇಡ, ಹೋಟೆಲ್ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ರವಾಸಕ್ಕೆ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್‌ಗೆ ಇದೆ. ಊರುಗಳಲ್ಲಿ ಅರಣ್ಯ ಇಲಾಖೆ ಜೊತೆ ಸೇರಿ ಕಾಡು ನೋಡಿಕೊಳ್ಳುವ ವನ ವ್ಯವಸ್ಥಾಪನ ಸಮಿತಿಗಳಿವೆ. ಬುಕಿಂಗ್ ಅವರ ಕೈಗೆ ಕೊಡಿ, ಹಣ ಅವರ ಊರಿಗೇ ಹೋಗಲಿ. ಯಾರು ಬಂದರು, ಯಾರು ಹೋದರು ಅಂತ ಊರಿನವರಿಗಿಂತ ಚೆನ್ನಾಗಿ ಯಾವ ಕ್ಯಾಮೆರಾ ನೋಡುತ್ತದೆ ಹೇಳಿ?

ಅಮೆರಿಕದ ಹಾಗೆ ಬುಕಿಂಗ್ ಇಲ್ಲದೆ ಬಿಟ್ಟರೆ ಇಲ್ಲಿ ನಡೆಯುವುದಿಲ್ಲ, ಅದು ನನಗೂ ಗೊತ್ತು. ನಮ್ಮಲ್ಲಿ ಜನ ಜಾಸ್ತಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಕರ್ನಾಟಕ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮತ್ತು ಮಿತಿ ತಂದಿತು. ಮಹಾರಾಷ್ಟ್ರದ ಭಂಡಾರದರಾ ಕಡೆ ಮಳೆಗೆ ಮುಂಚೆ ಮಿಂಚುಹುಳ ನೋಡಲು ಹೋಗುವ ಗಾಡಿಗಳ ಹೆಡ್‌ಲೈಟಿಗೆ ಆ ಹುಳಗಳೇ ದಿಕ್ಕು ತಪ್ಪುತ್ತವೆ, ಮಿಂಚಿ ಮಿಂಚಿ ಒಂದನ್ನೊಂದು ಹುಡುಕುವ ಜೀವಗಳು ಅವು. ಹಾಗಾಗಿ ಮಿತಿ ಇರಲೇಬೇಕು, ಬುಕಿಂಗ್ ಇರಲೇಬೇಕು, ಗಾಡಿ ಊರಿನಲ್ಲೇ ನಿಲ್ಲಿಸಿ ನಡೆದು ಹೋಗಬೇಕು. ನಡೆಯಬೇಕು ಅಂದ ಕೂಡಲೇ ಸ್ಪೀಕರ್ ಹೊತ್ತು ತರುವವರು ಅರ್ಧ ಕಡಿಮೆಯಾಗುತ್ತಾರೆ.

ಬೆಂಕಿ ವಿಷಯದಲ್ಲಿ ನಾನು ಅಡಿರಾಂಡಕ್‌ಗಿಂತ ಬಿಗಿಯಾಗಿರಬೇಕು ಅನ್ನುತ್ತೇನೆ. ಸಹ್ಯಾದ್ರಿಯ ಹುಲ್ಲು ಜನವರಿಗೇ ಒಣಗಿರುತ್ತದೆ, ಫೆಬ್ರವರಿ ಮಧ್ಯದಿಂದ ಕಾಡ್ಗಿಚ್ಚಿನ ಕಾಲ. ಬಿದ್ದ ಕಟ್ಟಿಗೆಯೂ ಅಲ್ಲಿನ ಹೆಣ್ಣುಮಕ್ಕಳ ಒಲೆಗೆ ಬೇಕು, ನಮ್ಮ ಮೋಜಿಗೆ ಅದನ್ನು ಸುಡುವುದು ಸರಿಯಲ್ಲ. ಚಹಾಕ್ಕೆ ಚಿಕ್ಕ ಗ್ಯಾಸ್ ಒಲೆ ಸಾಕು. ಊಟಕ್ಕೆ ನಮ್ಮ ಕಡೆಯ ಬುತ್ತಿ ಇದೆಯಲ್ಲ! ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಮೊಸರು. ಮಾಡುವ ಕೆಲಸವೂ ಇಲ್ಲ, ಕೆಡುವುದೂ ಇಲ್ಲ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಯಲಲ್ಲಿ ಕುಳಿತು ಉಣ್ಣುವ ಜನಕ್ಕೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಾಗಿಲ್ಲ.

ಹೆಣ್ಣುಮಕ್ಕಳ ಮಾತನ್ನು ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ಇಂಥ ವಿಷಯ ಬರೆಯುವ ಗಂಡಸರು ಇದನ್ನು ಬಿಟ್ಟುಬಿಡುತ್ತಾರೆ. ಗುಂಡಿ ಸಂಡಾಸು ಒಂದಾದರೂ ಇರಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು, ಟೆಂಟಿನಿಂದ ತೀರಾ ದೂರ ಇರಬಾರದು, ನೀರಿನ ಹತ್ತಿರವಂತೂ ಇರಲೇಬಾರದು. ಸಂಡಾಸೇ ಇಲ್ಲದ ಕಡೆ ಹೊಳೆಯಿಂದ ಎಪ್ಪತ್ತು ದೊಡ್ಡ ಹೆಜ್ಜೆ ದೂರ ಹೋಗಿ, ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಆಳದ ಗುಂಡಿ ತೋಡಿ, ಮಣ್ಣು ಮುಚ್ಚಿ ಬರಬೇಕು. ಮೇಲ್ಮಣ್ಣಿನಲ್ಲಿರುವ ಜೀವಾಣುಗಳು ಅದನ್ನು ಬೇಗ ಕರಗಿಸುತ್ತವೆ, ತುಂಬಾ ಆಳ ತೋಡಿದರೆ ಹಾಗೇ ಉಳಿಯುತ್ತದೆ. ಪ್ಯಾಡು, ಡಯಾಪರು ಹೂಳಬಾರದು, ಗಟ್ಟಿ ಚೀಲದಲ್ಲಿ ಕಟ್ಟಿ ಮನೆಗೆ ತರಬೇಕು. ಸೋಪು ಗಿಡಮೂಲಿಕೆಯದ್ದಾದರೂ ಹೊಳೆಗೆ ಹಾಕಬಾರದು, ನೀರು ತುಂಬಿಕೊಂಡು ದೂರ ಹೋಗಿ ತೊಳೆಯಬೇಕು. ರಾತ್ರಿ ಕಾವಲಿಗೆ ಊರಿನ ಸಮಿತಿಯಿಂದ ಇಬ್ಬರಿದ್ದರೆ, ಅದರಲ್ಲಿ ಒಬ್ಬಾಕೆ ಹೆಂಗಸಾದರೆ, ಮನೆಯ ಹಿರಿಯರು ಹೆಣ್ಣುಮಕ್ಕಳನ್ನು ಧೈರ್ಯವಾಗಿ ಕಳಿಸುತ್ತಾರೆ.

ಚಿರತೆ ಇದೆಯಲ್ಲ ಅಂತ ನಮ್ಮ ಯಜಮಾನರೇ ಕೇಳಿದರು. ಇದೆ. ಅದಕ್ಕೇ ಸಂಜೆಯಾದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡಬಾರದು, ಉಳಿದ ಅನ್ನ ಚೆಲ್ಲಿ ನಾಯಿಗಳನ್ನು ಕರೆಯಬಾರದು, ನಾಯಿ ಬಂದರೆ ಅದರ ಹಿಂದೆ ಚಿರತೆ ಬರುತ್ತದೆ. ಟೆಂಟಿನ ಜಿಪ್ ಹಾಕಿಯೇ ಇರಬೇಕು, ಬೂಟು ಕೊಡವಿ ಹಾಕಿಕೊಳ್ಳಬೇಕು.

ನನಗೆ ಚಿರತೆಗಿಂತ ಜಾಸ್ತಿ ಭಯ ನೀರಿನದು. ಕೋಲಾಡ್‌ನ ಕುಂಡಲಿಕಾ ನದಿಯಲ್ಲಿ ರಾಫ್ಟಿಂಗ್ ನಡೆಯುವುದೇ ಭಿರಾ ವಿದ್ಯುತ್ ಕೇಂದ್ರದಿಂದ ಬೆಳಿಗ್ಗೆ ಬಿಡುವ ನೀರಿನಿಂದ. ಕಾಳಿ ನದಿಯಲ್ಲಿ ಗಣೇಶಗುಡಿ ಹತ್ತಿರವೂ ಸೂಪಾ ಡ್ಯಾಮಿನ ನೀರು ಬಿಟ್ಟಾಗಲೇ ಹೊಳೆ ತುಂಬುತ್ತದೆ. ರಾತ್ರಿ ಒಣಗಿದ್ದ ಮರಳು ಬೆಳಿಗ್ಗೆ ನೀರಿನ ಕೆಳಗಿರಬಹುದು. ಹೀಗಾಗಿ ಡ್ಯಾಮಿನ ಕೆಳಗಿನ ದಡದಲ್ಲಿ ಯಾರೂ ಟೆಂಟು ಹಾಕಬಾರದು, ಎಷ್ಟೇ ಚೆಂದ ಕಂಡರೂ. ಭೀಮೆಯ ಮೂಲದ ಹತ್ತಿರ ಮೇಲೆ ಡ್ಯಾಮಿಲ್ಲ, ಚಾಸ್‌ಕಮಾನ್ ಡ್ಯಾಮು ಕೆಳಗಿದೆ. ಮಳೆ ಮುಗಿದ ಮೇಲೆ ಅಲ್ಲಿ ನೀರು ಒಮ್ಮೆಲೇ ಏರುವ ಭಯ ಕಡಿಮೆ. ನಾನು ಆ ಜಾಗವನ್ನೇ ಕೇಳುವುದಕ್ಕೆ ಇದೂ ಒಂದು ಕಾರಣ.

ಈ ಪತ್ರವನ್ನು ಕನ್ನಡ ಪತ್ರಿಕೆಗೆ ಯಾಕೆ ಬರೆದೆ ಅಂದರೆ, ಪುಣೆ, ಮುಂಬಯಿಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಪ್ರವಾಸ ಹಾಕುತ್ತವೆ, ಬಹಳ ಸಲ ರಿಸಾರ್ಟಿಗೇ. ಸಂಘದ ಲೆಟರ್‌ಹೆಡ್ಡಿನಲ್ಲಿ ಪುಣೆಯ ವನ್ಯಜೀವಿ ವಿಭಾಗಕ್ಕೆ ಮರಾಠಿಯಲ್ಲಿ ಒಂದು ಮನವಿ ಹೋದರೆ ನನ್ನೊಬ್ಬಳ ಅರ್ಜಿಗಿಂತ ಅದಕ್ಕೆ ತೂಕ ಜಾಸ್ತಿ. ಸಂಘದವರು ಮೊದಲು ಭೋರ್‌ಗಿರಿ ಕಡೆಯ ಊರಿನವರ ಜೊತೆ ಕೂತು ಮಾತಾಡಲಿ, ಅವರಿಗೆ ಬೇಡವೆಂದರೆ ಈ ಮಾತು ಅಲ್ಲಿಗೇ ಬಿಡೋಣ. ಅವರು ಒಪ್ಪಿದರೆ ಮೊದಲ ಚಳಿಗಾಲಕ್ಕೆ ಒಂದೇ ಜಾಗ, ಹತ್ತೇ ಟೆಂಟು ಸಾಕು, ಎಳ್ಳಮಾಸಿಯಿಂದ ಸಂಕ್ರಾಂತಿವರೆಗೆ ನಡೆಸಿ ನೋಡಲಿ. ಮನವಿಯ ಮರಾಠಿ ಕರಡು ನಾನು ಬರೆದಿಟ್ಟಿದ್ದೇನೆ. ಬೇಕಾದ ಸಂಘದವರು ನಿಮ್ಮ ಕಚೇರಿ ಮೂಲಕ ಕೇಳಿದರೆ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಚಿಂಚವಡ, ಪುಣೆ