ಕುದುರೆ ಒಲ್ಲೆ ಅಂದರೆ: ಮಗಳಿಗೊಂದು ಪತ್ರ

ವಿಲಾಂಕುಲೋ, ಮೊಜಾಂಬಿಕ್
ಜುಲೈ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಈ ಕುದುರೆ ಸವಾರಿಯ ರಜೆಗೆ ಹೊರಡುವ ಮುಂಚೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. "ನಿನ್ನ ರಜೆಯ ಖುಷಿಗೆ ಆ ಮೂಕಪ್ರಾಣಿ ಯಾಕಮ್ಮ ಮರಳಿನಲ್ಲಿ ಬೇಯಬೇಕು?" ಅಂದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗ ಒಂದು ಬೀಚಿನಲ್ಲಿ ನೀನು ಕಂಡ ಕುದುರೆ ನನಗೂ ನೆನಪಿದೆ. ಎಲುಬು ಎಣಿಸಬಹುದಿತ್ತು, ಮೂತಿಯ ಮೇಲೆ ಹಗ್ಗ ಉಜ್ಜಿ ಹಸಿ ಗಾಯ. ಕುದುರೆಯವನು ಐವತ್ತು ರೂಪಾಯಿಗೆ ಒಂದು ರೌಂಡು ಅಂತ ಕರೆಯುತ್ತಿದ್ದ. ನೀನು ಹತ್ತಲಿಲ್ಲ, ಐಸ್‌ಕ್ರೀಮೂ ತಿನ್ನಲಿಲ್ಲ, ವಾಪಸು ಬರುವಾಗ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಮುಂದೆ ಬೆಂಗಳೂರಿನಲ್ಲಿ ನಿನ್ನನ್ನು ಸವಾರಿ ಕ್ಲಾಸಿಗೆ ಸೇರಿಸಿ, ಬೆಂಚಿನ ಮೇಲೆ ಕಾಯುತ್ತಾ ಕೂರುತ್ತಿದ್ದ ನಾನೇ ಕಲಿತೆ, ನೀನು ಬಿಟ್ಟೆ. ಯಾಕೆ ಬಿಟ್ಟೆ ಅಂತ ನಾನೂ ಕೆದಕಲಿಲ್ಲ.

ಆದ್ದರಿಂದ ಇಲ್ಲಿಗೆ ನಿನ್ನ ಪ್ರಶ್ನೆಯನ್ನು ಜೊತೆಗೆ ಕಟ್ಟಿಕೊಂಡೇ ಬಂದೆ. ಸಮುದ್ರ ನೋಡುವುದಕ್ಕೆ ಮೊದಲು ಲಾಯ ನೋಡಿದೆ.

ಊರು ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕು. ಮಕರ ಸಂಕ್ರಾಂತಿ ವೃತ್ತದಿಂದ ಸ್ವಲ್ಪ ಮೇಲೆ, ಹಿಂದೂ ಮಹಾಸಾಗರದ ದಂಡೆ. ಎದುರಿಗೆ ಬಜಾರುಟೋ ದ್ವೀಪಗಳು. 1971ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಜಾಗ ಅದು. ಅಲ್ಲಿನ ಕಡಲಹುಲ್ಲನ್ನು ಮೇಯುವ ಡುಗಾಂಗ್ ಅನ್ನುವ ಕಡಲಹಸುಗಳು ಹಿಂದೂ ಮಹಾಸಾಗರದ ಈ ಭಾಗದಲ್ಲಿ ಹಿಂಡಾಗಿ ಉಳಿದಿರುವುದು ಇಲ್ಲಿ ಮಾತ್ರವಂತೆ. ನನಗೆ ಒಂದೂ ಕಾಣಿಸಲಿಲ್ಲ. ಜುಲೈ ಇಲ್ಲಿ ಚಳಿಗಾಲ. ಹೆಸರಿಗೆ ಚಳಿ ಅಷ್ಟೇ, ಬೆಳಿಗ್ಗೆ ಒಂದು ಸ್ವೆಟರ್ ಸಾಕು. ರಸ್ತೆಯ ಅಂಚಿಗೆಲ್ಲ ಮರಳು, ತೆಂಗು, ಗೇರು. ಆ ಗೇರನ್ನು ಬ್ರೆಜಿಲಿನಿಂದ ಇಲ್ಲಿಗೂ ನಮ್ಮ ಕರಾವಳಿಗೂ ತಂದವರು ಒಬ್ಬರೇ, ಪೋರ್ಚುಗೀಸರು. ಮರಗೆಣಸಿನ ಎಲೆಯನ್ನು ಕುಟ್ಟಿ, ಶೇಂಗಾ ಪುಡಿ, ತೆಂಗಿನ ಹಾಲು ಹಾಕಿ ಬೇಯಿಸುವ 'ಮಟಾಪಾ' ಅನ್ನುವುದನ್ನು ದಿನಾ ಎರಡು ಹೊತ್ತು ಉಣ್ಣುತ್ತಿದ್ದೇನೆ. ಸಿಗಡಿ ಹಾಕಬೇಡಿ ಅಂತ ಮಾತ್ರ ಮೊದಲೇ ಹೇಳಬೇಕು.

ಈಗ ಲಾಯದ ವಿಷಯ.

ಬಾಗಿಲಲ್ಲೇ ತೂಕದ ಮೆಷಿನ್ ಇಟ್ಟಿದ್ದಾರೆ, ಎಲ್ಲರೂ ಹತ್ತಬೇಕು. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಅನ್ನುವುದು ಕುದುರೆ ಸಾಕುವವರ ಲೆಕ್ಕ. ಕುದುರೆ 450 ಕಿಲೋ ಇದ್ದರೆ 90 ಕಿಲೋ, ಅದರಲ್ಲಿ ಜೀನಿನದ್ದೇ 10 ಕಿಲೋ ಹೋಯಿತು ಅಂದುಕೊ. ನಮ್ಮ ಗುಂಪಿನ ಒಬ್ಬ ದಢೂತಿ ಮನುಷ್ಯನಿಗೆ "ನಿಮಗೆ ದೋಣಿ ಏರ್ಪಾಟು ಮಾಡುತ್ತೇವೆ" ಅಂದರು. ಆತ ಎಷ್ಟು ದುಡ್ಡು ಬೇಕಾದರೂ ಕೊಡುತ್ತೇನೆ ಅಂದ. ಅವರು ಮತ್ತೆ ದೋಣಿಯ ಮಾತೇ ಆಡಿದರು. ಅಪ್ಪ ಬಂದಿದ್ದರೆ ಅವರಿಗೂ ದೋಣಿಯೇ ಗತಿ. ಈ ಸಾಲನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು.

ಹೊರಡುವ ಹೊತ್ತನ್ನು ಸಮುದ್ರ ಹೇಳುತ್ತದೆ. ಮಂಗಳೂರು ಕಡೆ ಉಬ್ಬರ ಇಳಿತದ ನಡುವೆ ಎರಡು ಮೀಟರೂ ವ್ಯತ್ಯಾಸ ಇಲ್ಲ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನಾಲ್ಕು ಮೀಟರಿಗೆ ಹತ್ತಿರ ಹೋಗುತ್ತದೆ. ಇಳಿತದಲ್ಲಿ ನೀರು ಎಲ್ಲಿಗೋ ಸರಿದು, ಬೆಳಿಗ್ಗೆ ತೇಲುತ್ತಿದ್ದ ದೋಣಿಗಳೆಲ್ಲ ಮರಳಿನ ಮೇಲೆ ವಾಲಿಕೊಂಡು ಬಿದ್ದಿರುತ್ತವೆ. ಆಗ ಸಿಗುವ ಒದ್ದೆ ಮರಳು ಗಟ್ಟಿ ನೆಲ, ಕುದುರೆ ಓಡಬಹುದು. ಮೇಲಿನ ಒಣ ಮರಳಿನಲ್ಲಿ ಗೊರಸು ಹುಗಿಯುತ್ತದೆ, ಅಲ್ಲಿ ಓಡಿಸಿದರೆ ಮುಂಗಾಲಿನ ಹಿಂಬದಿಯ ಟೆಂಡನ್ ಅನ್ನುವ ಸ್ನಾಯುರಜ್ಜು ಜಗ್ಗಿ ಕುದುರೆ ತಿಂಗಳುಗಟ್ಟಲೆ ಕುಂಟುತ್ತದೆ. ಹಾಗಾಗಿ ಒಣ ಮರಳಿನಲ್ಲಿ ನಡಿಗೆ ಮಾತ್ರ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ನಮ್ಮ ತಿಂಡಿ, ಊಟ, ನಿದ್ದೆ ಎಲ್ಲ ಅದರ ಹಿಂದೆಯೇ ಓಡುತ್ತಿವೆ.

ನೀರು ಸರಿದ ಬಯಲಿಗೆ ಹೆಂಗಸರು ಇಳಿಯುತ್ತಾರೆ. ಸೊಂಟಕ್ಕೆ ಕಪುಲಾನಾ ಬಟ್ಟೆ ಬಿಗಿದು, ಬೇಸಿನ್ ಪಕ್ಕದಲ್ಲಿಟ್ಟು, ಬಗ್ಗಿ ಚಿಪ್ಪು ಹೆಕ್ಕುತ್ತಾರೆ, ಅಘನಾಶಿನಿಯಲ್ಲಿ ಬಳಚು ತೆಗೆಯುವವರ ಹಾಗೇ. ಅವರು ಕಂಡ ಕೂಡಲೇ ಗೈಡು ಕೈ ಎತ್ತುತ್ತಾನೆ, ಎಲ್ಲರೂ ನಡಿಗೆಗೆ ಇಳಿಯಬೇಕು. ಬಲೆ ಎಳೆಯುವ ಕಡೆ ಇನ್ನೂ ಎಚ್ಚರ. ಮರಳಿನಲ್ಲಿ ಹಗ್ಗ ಬಿದ್ದಿರುತ್ತದೆ.

ಜನ ಇಲ್ಲದ ಕಡೆ ಓಡಿಸಿದೆವು. ನಿನ್ನ ಹತ್ತಿರ ಮುಚ್ಚಿಡುವುದೇನು, ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ರಿಕಾಪಿನಲ್ಲಿ ಕಾಲೂರಿ ಸೀಟಿನಿಂದ ಸ್ವಲ್ಪ ಎದ್ದರೆ ಸಾಕು, ನನ್ನ ಕುದುರೆಗೆ ಗೊತ್ತಾಗುತ್ತಿತ್ತು. ಕಂದು ಬಣ್ಣದ ಹೆಣ್ಣುಗುದುರೆ, ಎಡಗಿವಿಯ ತುದಿಯಲ್ಲಿ ಸಣ್ಣ ಸೀಳು. ಒಣ ಮರಳಿನಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದವಳು ಒದ್ದೆ ಮರಳು ಸಿಕ್ಕಿದ್ದೇ ತಮಟೆ ಬಡಿದಳು. ನನ್ನ ಮಂಡಿಯ ವಯಸ್ಸೆಷ್ಟು ಅನ್ನುವುದು ಆಗ ನೆನಪೇ ಇರಲಿಲ್ಲ. ರಾತ್ರಿ ನೆನಪಾಯಿತು.

ಇಲ್ಲಿ ಸೂರ್ಯ ಮುಳುಗುವಾಗ ಸವಾರಿ ಇಲ್ಲ. ಫೋಟೋಗೆ ಅಂತ ಗುಂಪಿನವರು ಬಹಳ ಕೇಳಿದರು, ಆಗಲ್ಲ ಅಂದರು. ಈ ಕಾಲದಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಕತ್ತಲು. ಆ ಹೊತ್ತಿಗೆ ಸೊಳ್ಳೆಗಿಂತ ಎಷ್ಟೋ ಸಣ್ಣ ಒಂದು ನುಸಿ ಏಳುತ್ತದೆ, ಅದು ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಅನ್ನುವ ರೋಗ ಹರಡುತ್ತದೆ. ಜೀಬ್ರಾಗಳಿಗೆ ಬಂದರೆ ಏನೂ ಆಗುವುದಿಲ್ಲ. ಲಸಿಕೆ ಹಾಕದ ಕುದುರೆಗೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಮೂಗಿನಲ್ಲಿ ನೊರೆ ಕಾಣಿಸಿಕೊಂಡು, ಬದುಕುವುದು ಅಪರೂಪ. 1960ರಲ್ಲಿ ಈ ರೋಗ ನಮ್ಮ ದೇಶಕ್ಕೂ ಬಂದಿತ್ತು. ಲಸಿಕೆ ಹಾಕಿಸಿದ್ದರೂ ಕತ್ತಲಿಗೆ ಮುಂಚೆ ಎಲ್ಲವನ್ನೂ ಲಾಯದೊಳಗೆ ಕಟ್ಟುತ್ತಾರೆ. ಕುದುರೆಗೆ ನುಸಿ, ನಮಗೆ ಮಲೇರಿಯಾ ಸೊಳ್ಳೆ. ಎರಡೂ ಜಾತಿಯವರು ಸಂಜೆಗೆ ಒಳಗೆ.

ಮೇವನ್ನೂ ನೋಡಿದೆ. ನೆಲಕ್ಕೆ ಸುರಿಯುವುದಿಲ್ಲ, ತೊಟ್ಟಿಯಲ್ಲೇ ಹಾಕುತ್ತಾರೆ, ತೊಟ್ಟಿಯ ಕೆಳಗೆ ರಬ್ಬರ್ ಹಾಸು. ಮೇವಿನ ಜೊತೆ ಮರಳು ಹೊಟ್ಟೆಗೆ ಹೋದರೆ ಕರುಳಿನ ತಳದಲ್ಲಿ ಕೂತುಬಿಡುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲವಲ್ಲ, ಆ ಹೊಟ್ಟೆನೋವಿನಲ್ಲೇ ಸಾಯುವುದುಂಟು. ಸವಾರಿ ಮುಗಿದ ಮೇಲೆ ಲಾಯದ ಹುಡುಗ ಜೀನು ಬಿಚ್ಚಿ, ಹೊಟ್ಟೆಪಟ್ಟಿ ಬಿಗಿದಿದ್ದ ಜಾಗಕ್ಕೆ ಕೈಹಾಕಿ ಸವರಿದ. ಉಪ್ಪುನೀರೂ ಮರಳೂ ಸೇರಿದರೆ ಚರ್ಮ ಕಿತ್ತು ಬರುತ್ತದೆ. ಸಿಹಿನೀರು ಹೊಯ್ದು ತೊಳೆದ. ಆಮೇಲೆ ಒಂದೊಂದೇ ಕಾಲನ್ನು ತೊಡೆಯ ಮೇಲೆತ್ತಿಟ್ಟುಕೊಂಡು ಕೊಕ್ಕೆಯಿಂದ ಗೊರಸು ಕೆರೆದ. ಗೊರಸಿನ ನಡುವೆ ತ್ರಿಕೋನದ ಹಾಗೆ ಮೆತ್ತನೆಯ ಭಾಗ ಇರುತ್ತದೆ, ಅದರ ಎರಡೂ ಬದಿಯ ಸಂದಿಯಿಂದ ಒತ್ತಿಕೂತ ಮರಳು ಅಚ್ಚಾಗಿ ಕಳಚಿ ಬಿತ್ತು. ಒಂದು ಅಚ್ಚಿನಲ್ಲಿ ಚಿಪ್ಪಿನ ಚೂರು ಸಿಕ್ಕಿಕೊಂಡಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಗೊರಸನ್ನು ಬೆರಳಿನಿಂದ ಒತ್ತಿ, ಕುದುರೆ ಕಾಲೆಳೆದುಕೊಳ್ಳುತ್ತದೋ ಅಂತ ಪರೀಕ್ಷೆ ಮಾಡಿದ. ಎಳೆದುಕೊಳ್ಳಲಿಲ್ಲ.

ಈ ಊರಿಗೆ ಸವಾರಿ ಬಂದ ಕತೆ ನಿನಗೆ ಹಿಡಿಸಬಹುದು. 2000ದ ನಂತರ ಜಿಂಬಾಬ್ವೆಯಲ್ಲಿ ಬಿಳಿಯರ ದೊಡ್ಡ ಜಮೀನುಗಳನ್ನು ವಶಪಡಿಸಿಕೊಂಡರಲ್ಲ, ಆಗ ಜಮೀನು ಬಿಟ್ಟು ಹೋದವರ ಕುದುರೆಗಳು ಅನಾಥವಾದವು. ಒಬ್ಬ ರೈತ ದಂಪತಿ ಅಂಥ ನೂರಕ್ಕೂ ಹೆಚ್ಚು ಕುದುರೆಗಳನ್ನು ಗಡಿ ದಾಟಿಸಿ ಈ ದೇಶಕ್ಕೆ ತಂದರು. ದಾರಿಯುದ್ದಕ್ಕೂ ಬಹಳಷ್ಟನ್ನು ಕಳೆದುಕೊಂಡರು. ಉಳಿದ ಕೆಲವು ಈ ದಂಡೆಗೆ ಬಂದವು. ಕುದುರೆಗೆ ಮೇವು ಬೇಕು, ಮೇವಿಗೆ ದುಡ್ಡು ಬೇಕು, ದುಡ್ಡಿಗೆ ನನ್ನಂಥ ಪ್ರವಾಸಿಗರು. 2007ರ ಫೆಬ್ರವರಿಯಲ್ಲಿ ಫಾವಿಯೋ ಚಂಡಮಾರುತ ಈ ಊರಿಗೇ ಬಡಿಯಿತು, ಅದನ್ನೂ ದಾಟಿದರು. ಆ ಜಮೀನುಗಳು ಮೊದಲು ಯಾರಿಂದ ಕಿತ್ತುಕೊಂಡವು ಅಂತ ನೀನು ಕೇಳುತ್ತೀಯ, ಗೊತ್ತು. ನಾನೂ ಮರೆತಿಲ್ಲ. ಕುದುರೆಗಳಿಗೆ ಮಾತ್ರ ಆ ಲೆಕ್ಕದಲ್ಲಿ ಪಾಲಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಲಾಯದಲ್ಲಲ್ಲ, ನೀರಿನ ಅಂಚಿನಲ್ಲಿ.

ಕುದುರೆಗಳ ಜೊತೆ ಸಮುದ್ರಕ್ಕಿಳಿಯುವುದು ಈ ರಜೆಯ ದೊಡ್ಡ ಆಕರ್ಷಣೆ. ಜಾಹೀರಾತಿನಲ್ಲೂ ಅದೇ ಚಿತ್ರ. ಜೀನು ಬಿಚ್ಚಿ ಬರಿಬೆನ್ನ ಮೇಲೆ ಕೂತು, ಜೂಲು ಹಿಡಿದು ನೀರಿಗೆ ಹೋಗಬೇಕು, ಎದೆಮಟ್ಟ ದಾಟಿದರೆ ಕುದುರೆ ಈಜುತ್ತದೆ. ಉಳಿದವರದೆಲ್ಲ ಇಳಿದವು. ನನ್ನವಳು ಅಂಚಿಗೆ ಬಂದು ನಿಂತಳು. ವಾಪಸು ಹೋಗುವ ಅಲೆ ಕಾಲ ಕೆಳಗಿನ ಮರಳನ್ನು ಎಳೆಯುತ್ತಿತ್ತು. ಅವಳು ತಲೆ ತಗ್ಗಿಸಿ, ಮೂಗಿನ ಹೊಳ್ಳೆ ಅರಳಿಸಿ ನೀರನ್ನು ಮೂಸಿದಳು, ಫುರ್ರ್ ಅಂದಳು, ಎರಡು ಹೆಜ್ಜೆ ಹಿಂದೆ. ನಾನು ಹಿಮ್ಮಡಿಯಿಂದ ಒತ್ತಿದೆ. ಕಿವಿ ಹಿಂದಕ್ಕೆ ಹೋಯಿತು. ಮತ್ತೆ ಒತ್ತಬೇಕೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ ಗೈಡು ಹತ್ತಿರ ಬಂದ. ಚಾವಟಿ ತರಲಿಲ್ಲ, ಮುಂದೆ ನಿಂತು ಎಳೆಯಲೂ ಇಲ್ಲ. "ಅವಳಿಗೆ ಇವತ್ತು ಬೇಡವಂತೆ ಅಮ್ಮಾ, ಇಳಿಯಿರಿ" ಅಂದ. ಅಷ್ಟೇ. ಲಗಾಮು ನನ್ನ ಕೈಗೇ ಬಿಟ್ಟು ತಾನು ನೀರಿಗೆ ಹೋದ.

ನೋಡು, ಹಿಂದೆ ಆ ಬೀಚಿನಲ್ಲಿ ನೀನು ಕಂಡ ಕುದುರೆಗೆ ಇದ್ದಿರದ ಸೌಲಭ್ಯ ಇದೊಂದೇ ಅಂತ ನನಗೀಗ ಅನ್ನಿಸುತ್ತದೆ. ಮೇವು, ನೆರಳು, ಲಸಿಕೆ ಎಲ್ಲ ದುಡ್ಡಿದ್ದವರು ಕೊಡಬಹುದು. ಒಲ್ಲೆ ಅಂದಾಗ ಕೇಳಿಸಿಕೊಳ್ಳುವುದಕ್ಕೆ ದುಡ್ಡು ಕೊಟ್ಟು ಬಂದ ಗಿರಾಕಿಯನ್ನು ಕೆಳಗಿಳಿಸುವ ಧೈರ್ಯ ಬೇಕು.

ಉಳಿದವರು ನೀರಿನಲ್ಲಿ ಕಿರುಚುತ್ತಿದ್ದರೆ ನಾವಿಬ್ಬರೂ ದಡದಲ್ಲಿ. ತಲೆ ಎಲ್ಲೆಲ್ಲಿಗೋ ಹೋಯಿತು. ನಮ್ಮ ಭಟ್ಕಳದ ಬಂದರಿಗೆ ಇದೇ ಸಮುದ್ರ ದಾಟಿ ವಿಜಯನಗರಕ್ಕೆ ಕುದುರೆ ಬರುತ್ತಿದ್ದವಲ್ಲ, ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ: ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರಂತೆ. ಅದಕ್ಕೂ ಹಿಂದೆ ವಿಜಯನಗರ ಆಳಿದ ಸಾಳುವ ನರಸಿಂಹ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತರೆ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯ ಬೆಲೆಯೇ. ವ್ಯಾಪಾರಿಗೆ ನಷ್ಟವಿಲ್ಲ, ರಾಜನಿಗೆ ಕುದುರೆ ತಪ್ಪುವುದಿಲ್ಲ. ಇನ್ನು ಈ ತೀರದಿಂದ ಹೊರಟ ಹಡಗುಗಳಲ್ಲಿ ಪೋರ್ಚುಗೀಸರು ಮನುಷ್ಯರನ್ನೇ ತುಂಬಿ ಗೋವಾಕ್ಕೆ ಒಯ್ದರು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರೀಕರಲ್ಲಿ ಹಾಗೆ ಬಂದವರಿದ್ದಾರೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಅಜ್ಜಿ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಳು, ನಿನಗೆ ನೆನಪಿರಲಿಕ್ಕಿಲ್ಲ. ಅಷ್ಟರಲ್ಲಿ ನನ್ನ ಕುದುರೆ ಹೆಗಲಿಗೆ ಮೂತಿ ಉಜ್ಜಿ ಅಂಗಿಯನ್ನೆಲ್ಲ ಜೊಲ್ಲು ಮಾಡಿದಳು.

ಎಲ್ಲವೂ ಚೆನ್ನಾಗಿದೆ ಅಂತ ಬರೆದರೆ ನೀನು ನಂಬುವುದಿಲ್ಲ, ನಂಬಬೇಡ. ಮಧ್ಯಾಹ್ನ ಬಿಸಿಲಿನ ಹೊತ್ತು ಕುದುರೆಗಳಿಗೆ ಕಡ್ಡಾಯ ವಿಶ್ರಾಂತಿ. ಅದೇ ಹೊತ್ತಿನಲ್ಲಿ ಲಾಯದ ಹುಡುಗರು ಹರಿದ ಪಟ್ಟಿ ಹೊಲಿಯುತ್ತಾರೆ, ನೀರು ಹೊರುತ್ತಾರೆ. ಅವರು ಒಲ್ಲೆ ಅಂದರೆ ಏನಾಗುತ್ತದೆ? ಒಬ್ಬನನ್ನು ಕೇಳಿದೆ. ನನ್ನ ಇಂಗ್ಲಿಷು ಅವನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗದ ಹಾಗೆ ಇರುವುದೇ ವಾಸಿ ಅಂದುಕೊಂಡನೋ, ನಕ್ಕು ಸುಮ್ಮನಾದ. ನೀನು ಬಂದರೆ ಅವರ ಜೊತೆ ಪೋರ್ಚುಗೀಸಿನಲ್ಲಿ ಮಾತಾಡಬಹುದು, ಫೋನಿನಲ್ಲಿ ಕಲಿಯುತ್ತಿದ್ದೆಯಲ್ಲ.

ಬರುವುದಾದರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಬಾ. ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ. ಮಲೇರಿಯಾ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮುಂಚೆಯೇ ಶುರುಮಾಡು. ಉದ್ದ ಕಾಲುಚೀಲ ತಾ, ರಿಕಾಪಿನ ಪಟ್ಟಿ ಮೀನಖಂಡವನ್ನು ಉಜ್ಜಿ ಸುಲಿದುಬಿಡುತ್ತದೆ. ಅಟ್ಟದ ಮೇಲಿರುವ ನಿನ್ನ ಹಳೆಯ ಹೆಲ್ಮೆಟ್ ಬೇಡ, ಅದರೊಳಗಿನ ಫೋಮ್ ಪುಡಿಯಾಗಿದೆ, ನಾನೇ ನೋಡಿದ್ದೇನೆ. ಹೊಸದು ಕೊಡಿಸುತ್ತೇನೆ. ಸವಾರಿ ಬೇಡ ಅನ್ನಿಸಿದರೆ ದೋಣಿ ಇದ್ದೇ ಇದೆ, ಅಪ್ಪನಿಗೂ ಜೊತೆ ಆಗುತ್ತದೆ.

ಇವತ್ತಿನ ಇಳಿತ ಮೂರು ಗಂಟೆಗೆ. ಲಾಯದಿಂದ ಕೂಗುತ್ತಿದ್ದಾರೆ, ಬೂಟು ಹಾಕಿಕೊಳ್ಳಬೇಕು. ಗ್ಯಾಸ್ ಬುಕ್ ಮಾಡಿದರೋ ಇಲ್ಲವೋ ಅಂತ ಅಪ್ಪನನ್ನು ಒಂದು ಸಲ ಕೇಳು.

ಪ್ರೀತಿಯಿಂದ,
ಅಮ್ಮ