ಮುದ್ರಣಾಲಯದ ಉಳಿಕೆ ಕಾಗದ ಹಾಸ್ಟೆಲ್ ಮಕ್ಕಳಿಗೆ ಸಿಗಲಿ

ಮಾನ್ಯರೇ,

ಪಿಯುಸಿ ಮುಗಿಸಿ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಂಥ ಕಡೆ ಸೇರಬೇಕೆನ್ನುವ ಮಂಡ್ಯ ಜಿಲ್ಲೆಯ ಬಡ ಮಕ್ಕಳಿಗೆ ಕೈಚಳಕಕ್ಕೇನೂ ಬರವಿಲ್ಲ. ಬರ ಇರುವುದು ಧಾರಾಳವಾಗಿ ಗೀಚಿ ಬಿಸಾಡುವ ಕಾಗದಕ್ಕೆ. ಚಿತ್ರ ಬರೆಯುವ ದಪ್ಪನೆಯ ಕಾರ್ಟ್ರಿಜ್ ಹಾಳೆ ಒಂದೇ ಒಂದು ಕೈಗಿಟ್ಟರೆ ಹೆದರಿಕೊಂಡು ಮೂಲೆಯಲ್ಲಿ ಪುಟ್ಟದಾಗಿ ಬರೆದು, ಅಳಿಸಿ ಅಳಿಸಿ ಹಾಳೆಯ ಮೈ ಏಳಿಸಿಬಿಡುತ್ತಾರೆ. ಕೊನೆಗೆ ಮೊಬೈಲ್‌ ಫೋಟೊಗೆ ಚೌಕ ಹಾಕಿ ನಕಲಿಳಿಸಿದ ಸಿನಿಮಾ ನಟರ ಮುಖಗಳೇ ಅವರ ಬಂಡವಾಳ. ಎದುರಿಗೆ ಬಿಂದಿಗೆ, ಬಟ್ಟೆ, ಬದನೆಕಾಯಿ ಇಟ್ಟು ಬರೆಯಿರಿ ಅಂದರೆ ಆ ಅಭ್ಯಾಸ ಕೈಕೊಡುತ್ತದೆ.

ಬಿಂದಿಗೆಯನ್ನೇ ತೆಗೆದುಕೊಳ್ಳಿ. ಬಾಯಿಯ ಎರಡೂ ಬದಿಯನ್ನು ಬಾಳೆಎಲೆಯ ತುದಿಯಂತೆ ಚೂಪು ಮಾಡಿ, ತಳಕ್ಕೆ ಅಡ್ಡಗೆರೆ ಎಳೆಯುವುದು ಬಹುತೇಕರ ತಪ್ಪು. ಕಣ್ಣಿನ ಮಟ್ಟದಿಂದ ತಳ ಹೆಚ್ಚು ಕೆಳಗಿರುವುದರಿಂದ, ಅಗಲಕ್ಕೆ ಹೋಲಿಸಿದರೆ ಅದರ ಬಾಗು ಬಾಯಿಗಿಂತ ಹೆಚ್ಚಿರಬೇಕು. ಎದುರಿನ ವಸ್ತುವನ್ನು ಪೆನ್ಸಿಲ್ ಹಿಡಿದು ಅಳೆಯುವಾಗ ಕೈ ಪೂರ್ತಿ ಚಾಚಿರಲಿ. ಮೊಣಕೈ ಮಡಚಿದರೆ ಪ್ರತಿ ಸಲವೂ ಬೇರೆ ಅಳತೆ ಬರುತ್ತದೆ. ನೆರಳನ್ನು ಬೆರಳಲ್ಲಿ ಉಜ್ಜಿ ಮಸಿ ಮಾಡುವ ಚಟವನ್ನಂತೂ ಮೊದಲ ದಿನವೇ ಬಿಡಿಸಬೇಕು.

ಇದೆಲ್ಲ ಬರುವುದು ನೂರಾರು ಹಾಳೆ ಕೆಡಿಸಿದ ಮೇಲೆಯೇ. ಪತ್ರಿಕೆ ಅಚ್ಚಾಗುವಾಗ ರೀಲ್ ಬದಲಿಸಿದರೆ ಕೊಳವೆಗೆ ಸುತ್ತಿಕೊಂಡು ಒಂದಷ್ಟು ಖಾಲಿ ಕಾಗದ ಉಳಿಯುತ್ತದಲ್ಲ, ಅದು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. 15×22 ಇಂಚಿಗೆ ಕತ್ತರಿಸಿ, ಹಾರ್ಡ್‌ಬೋರ್ಡಿಗೆ ಕ್ಲಿಪ್ ಹಾಕಿ, 4ಬಿ, 6ಬಿಯಂಥ ಮೆತ್ತನೆ ಪೆನ್ಸಿಲ್ ಅಥವಾ ಇದ್ದಿಲಿನಲ್ಲಿ ಬರೆಯಬಹುದು. ಗಟ್ಟಿ ಪೆನ್ಸಿಲ್ ಒತ್ತಿದರೆ ಹರಿಯುತ್ತದೆ, ರಬ್ಬರ್ ಉಜ್ಜಿದರೂ ಅಷ್ಟೆ. ಹರಿಯಲಿ ಬಿಡಿ, ಅಳಿಸದೆ ಬರೆಯುವುದು ರೂಢಿಯಾಗುತ್ತದೆ! ಬಸ್ ನಿಲ್ದಾಣದಲ್ಲಿ ಕೂತು ಜನರನ್ನು ಎರಡೆರಡು ನಿಮಿಷದಲ್ಲಿ ಹಿಡಿಯಲಿಕ್ಕೂ ಇದೇ ಸಾಕು. ಆದರೆ ಈ ಕಾಗದ ಬಿಸಿಲಿಗೆ ಬೇಗ ಹಳದಿಯಾಗುವುದರಿಂದ, ಕಾಲೇಜಿನ ಪ್ರವೇಶ ಸಂದರ್ಶನಕ್ಕೆ ಒಯ್ಯುವ 15–20 ಚಿತ್ರಗಳು ಮಾತ್ರ ಕಾರ್ಟ್ರಿಜ್ ಹಾಳೆಯಲ್ಲಿರಲಿ. ಅವನ್ನು ಮಡಚಬಾರದು, ಎರಡು ರಟ್ಟಿನ ನಡುವೆ ಇಡಬೇಕು.

ಕಾಲೇಜು ಸೇರುವ ಮಕ್ಕಳು ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಅರ್ಜಿ ಹಾಕಲಿ. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು ಒಂದೇ ಥರ ಇಲ್ಲದಿದ್ದರೆ ವಿದ್ಯಾರ್ಥಿವೇತನದ ಅರ್ಜಿಗೆ ತೊಡಕಾಗುತ್ತದೆ.

ಉಳಿಕೆ ಕಾಗದವನ್ನು ರದ್ದಿಗೆ ಹಾಕುವ ಬದಲು, ಬೆಳಗಿನ ಪತ್ರಿಕೆ ತರುವ ವ್ಯಾನಿನಲ್ಲೇ ಮಂಡ್ಯಕ್ಕೆ ಕಳಿಸಲು ನಿಮ್ಮಂಥ ಪತ್ರಿಕೆಗಳು ಮನಸ್ಸು ಮಾಡಬೇಕು. ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್‌ಗಳ ವಾರ್ಡನ್‌ಗಳು ಇಳಿಸಿಕೊಂಡರೆ ಕತ್ತರಿಸಿ ಹಂಚುವ ಕೆಲಸ ನಮ್ಮದು.

– ಕೆಲವು ಚಿತ್ರಕಲಾ ಶಿಕ್ಷಕರು, ಮಂಡ್ಯ