ಮಾನ್ಯ ಶಾಸಕರೇ, ಆ ರಾತ್ರಿ ಹುಡುಗನಿಗೆ ಬಂದದ್ದು ಕಳ್ಳ ಹೊಟ್ಟೆನೋವಲ್ಲ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಿಮ್ಮ ಕ್ಷೇತ್ರದ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಏಳು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಹೆಸರು ಬರೆದಿಲ್ಲ. ನಾನು ಹೊರಗುತ್ತಿಗೆಯವಳು. ಏಜೆನ್ಸಿಯವರು ಫೋನ್ ಮಾಡಿ ‘ನಾಳೆಯಿಂದ ಬರಬೇಡಮ್ಮ’ ಅಂದರೆ ಯಾಕೆ ಅಂತ ಕೇಳುವವರೂ ಇಲ್ಲ. ಆದರೆ ಯಾವ ಶಾಲೆ ಅಂತ ನಿಮಗೆ ಗೊತ್ತಾಗುತ್ತದೆ. ಕಳೆದ ವರ್ಷ ಆಗಸ್ಟ್ 15ಕ್ಕೆ ನೀವು ಬಂದಿದ್ದಿರಿ. ಸಿಕ್ ರೂಮಿನ ಬಾಗಿಲಲ್ಲಿ ನಿಂತು ‘ಏನಮ್ಮ, ಎಲ್ಲಾ ಅನುಕೂಲ ಇದೆಯಾ?’ ಅಂತ ನನ್ನನ್ನೇ ಕೇಳಿದಿರಿ. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದವರು ‘ಎಲ್ಲಾ ಇದೆ ಸರ್’ ಅಂದರು, ನೀವು ಮುಂದೆ ಹೋದಿರಿ. ಹಿಂದಿನ ದಿನದವರೆಗೂ ಆ ರೂಮಿನ ನಾಲ್ಕು ಮಂಚಗಳಲ್ಲಿ ಎರಡರ ಮೇಲೆ ಅಕ್ಕಿ ಮೂಟೆ ಇದ್ದವು. ನೀವು ಬರುತ್ತೀರಿ ಅಂತ ರಾತ್ರೋರಾತ್ರಿ ಎತ್ತಿಸಿದ್ದರು. ಅದೇ ವಾರದಲ್ಲಿ ಮೂಟೆಗಳು ವಾಪಸ್ ಬಂದವು.

ಅವತ್ತು ಹೇಳಬೇಕಿದ್ದದ್ದನ್ನು ಇವತ್ತು ಬರೆಯುತ್ತಿದ್ದೇನೆ. ಕೇಳುವುದು ಎರಡೇ. ಇನ್ನೊಬ್ಬ ನರ್ಸ್ ಕೊಡಿ. ರಾತ್ರಿ ಶಾಲೆಯಲ್ಲೇ ನಿಲ್ಲುವ ಒಂದು ಗಾಡಿ, ಅದಕ್ಕೊಬ್ಬ ಡ್ರೈವರ್ ಕೊಡಿ.

ನಮ್ಮಲ್ಲಿ 6ರಿಂದ 10ನೇ ತರಗತಿವರೆಗೆ 250 ಮಕ್ಕಳು. ನರ್ಸ್ ಒಬ್ಬಳೇ, ಅಂದರೆ ನಾನು. ವಾರದ ರಜೆ ಅಂತ ಕಾಗದದಲ್ಲಿದೆ, ಆದರೆ ಬದಲಿಗೆ ಯಾರೂ ಇಲ್ಲದ ಮೇಲೆ ರಜೆ ಎಲ್ಲಿಂದ ಬರಬೇಕು? ನನ್ನ ಮಗಳು ಅಜ್ಜಿ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಅವಳಿಗೆ ಜ್ವರ ಬಂದಾಗ ನಾನು ಇಲ್ಲಿ ಬೇರೆಯವರ ಮಕ್ಕಳ ಹಣೆ ಮುಟ್ಟಿ ನೋಡುತ್ತಿರುತ್ತೇನೆ. ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತದೆ. ಅದನ್ನೂ ಸಹಿಸಿಕೊಂಡಿದ್ದೇನೆ. ಸಹಿಸಲಾಗದ್ದು ಒಂದೇ ಮಾತು: ‘ಸಿಸ್ಟರ್, ಸುಮ್ನೆ ಕೂತಿರ್ತೀರಲ್ಲ, ಸ್ವಲ್ಪ ಇದು ಮಾಡಿ.’ ಮೊಟ್ಟೆ ಎಣಿಸಬೇಕು. ಸ್ಟೋರಿನ ಪುಸ್ತಕ ಬರೆಯಬೇಕು. ಟೀಚರ್ ರಜೆ ಹಾಕಿದರೆ ತರಗತಿಯಲ್ಲಿ ಗಲಾಟೆ ಆಗದಂತೆ ಕೂರಬೇಕು. ಅಧಿಕಾರಿಗಳು ಬಂದರೆ ಹೂವಿನ ತಟ್ಟೆ ಹಿಡಿದು ಗೇಟಿನಲ್ಲಿ ನಿಲ್ಲಬೇಕು. ಸಿಕ್ ರೂಮಿನಲ್ಲಿ ಆವತ್ತು ರೋಗಿ ಇಲ್ಲ ಅಂದರೆ ನರ್ಸಿಗೆ ಕೆಲಸ ಇಲ್ಲ ಅಂತಲೇ ಎಲ್ಲರ ಲೆಕ್ಕ.

ನನ್ನ ಕೆಲಸ ಏನು ಅಂತ ಸ್ವಲ್ಪ ಹೇಳುತ್ತೇನೆ, ಕೇಳಿ. ಸೋಮವಾರ ಬಂದರೆ ಕಬ್ಬಿಣಾಂಶದ ನೀಲಿ ಮಾತ್ರೆ. ಊಟ ಆದಮೇಲೆ ಸಾಲಾಗಿ ನಿಲ್ಲಿಸಿ, ನನ್ನ ಕಣ್ಣೆದುರೇ ನುಂಗಿಸಿ, ‘ಆ ಅನ್ನು’ ಅಂತ ನಾಲಿಗೆ ಎತ್ತಿಸಿ ನೋಡಬೇಕು. ಇಲ್ಲದಿದ್ದರೆ ಮಾತ್ರೆ ಕಿಟಕಿಯಾಚೆಯ ಜಾಲಿ ಬೇಲಿಗೆ ಹೋಗುತ್ತದೆ. ನಾನು ಸೇರಿದ ಮೊದಲ ವರ್ಷ, ಮಾತ್ರೆ ಕೊಟ್ಟ ಮಾರನೇ ಬೆಳಿಗ್ಗೆ ಆರನೇ ತರಗತಿಯ ಹುಡುಗಿಯರು ಅಳುತ್ತಾ ನನ್ನ ಬಾಗಿಲಿಗೆ ಬಂದರು. ಒಬ್ಬಳು ಎಲ್ಲರ ಪರವಾಗಿ ಕಿವಿಯಲ್ಲಿ ಹೇಳಿದಳು, ‘ಸಿಸ್ಟರ್, ನಮಗೆಲ್ಲಾ ಕರ್ರಗೆ ಹೋಗ್ತೈತೆ, ಸಾಯ್ತೀವಾ?’ ಕಬ್ಬಿಣಾಂಶದ ಮಾತ್ರೆ ತಿಂದರೆ ಹಾಗೇ ಆಗುತ್ತದೆ ಅಂತ ಕೂರಿಸಿ ಹೇಳಿದೆ. ಅವರು ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಮಾತ್ರೆ ಕೊಡುವ ಮೊದಲೇ ಹೇಳಿಬಿಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಅಂದು ಅಳುತ್ತಾ ಬಂದ ಹುಡುಗಿಯರು ನಾಳೆ ಆ ಲೆಕ್ಕಕ್ಕೆ ಸೇರಬಾರದು ಅಂತಲೇ ಸೋಮವಾರ ಸೋಮವಾರ ಅವರ ನಾಲಿಗೆ ಎತ್ತಿಸಿ ನೋಡುವುದು.

ಫೆಬ್ರುವರಿ 10, ಆಗಸ್ಟ್ 10 ಜಂತುಹುಳದ ಮಾತ್ರೆ. ವರ್ಷಕ್ಕೊಮ್ಮೆ ಬಾಲ ಸ್ವಾಸ್ಥ್ಯ ತಂಡದವರು ಬಂದು ತಪಾಸಣೆ ಮಾಡಿ ಹೋಗುತ್ತಾರೆ, ಒಳ್ಳೆಯ ಕೆಲಸ ಅದು, ಮೂವರು ಮಕ್ಕಳಿಗೆ ಕನ್ನಡಕ ಬಂದದ್ದು ಅವರಿಂದಲೇ. ಉಳಿದ 364 ದಿನ ನಾನು.

ಇನ್ನು ಕಜ್ಜಿ. ಬೆರಳ ಸಂದಿಯಲ್ಲಿ ಶುರುವಾಗಿ ರಾತ್ರಿಯೆಲ್ಲಾ ಕೆರೆದು ಕೆರೆದು ಮಕ್ಕಳು ತರಗತಿಯಲ್ಲಿ ತೂಕಡಿಸುತ್ತಾರೆ. ಇದಕ್ಕೆ ಒಂದು ರೂಮಿನವರಿಗೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಪರ್ಮೆತ್ರಿನ್ ಮುಲಾಮು ಹಚ್ಚಬೇಕು, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು, ವಾರ ಬಿಟ್ಟು ಮತ್ತೆ ಹಚ್ಚಬೇಕು. ಕಳೆದ ಚಳಿಗಾಲದಲ್ಲಿ ಅರವತ್ತು ಮಕ್ಕಳಿಗೆ ಹತ್ತಿತ್ತು. ಕೊಟ್ಟದ್ದು ಇಪ್ಪತ್ತು ಟ್ಯೂಬ್. ಇಪ್ಪತ್ತು ಜನಕ್ಕೆ ಹಚ್ಚಿ ನಲವತ್ತು ಜನರನ್ನು ಬಿಟ್ಟರೆ ಹತ್ತೇ ದಿನದಲ್ಲಿ ಮತ್ತೆ ಅರವತ್ತು. ಉಳಿದದ್ದನ್ನು ನನ್ನ ದುಡ್ಡಲ್ಲಿ ತಂದೆ. ಬಿಲ್ ಕೊಟ್ಟು ಐದು ತಿಂಗಳಾಯಿತು.

ಇರಲಿ. ಈ ಪತ್ರ ಬರೆಸಿದ್ದು ಕಜ್ಜಿಯಲ್ಲ, ಹೊಟ್ಟೆನೋವು.

ವಸತಿ ಶಾಲೆಯಲ್ಲಿ ಅತಿ ಹೆಚ್ಚು ಬರುವ ಕಾಯಿಲೆ ಹೊಟ್ಟೆನೋವು. ಗಣಿತದ ಟೆಸ್ಟ್ ಇದ್ದ ದಿನ ಬೆಳಿಗ್ಗೆ ಎಂಟರೊಳಗೆ ಆರೇಳು ಮಕ್ಕಳು ಹೊಟ್ಟೆ ಹಿಡಿದು ಸಾಲಾಗಿ ನಿಂತಿರುತ್ತಾರೆ. ಯಾರದು ನಿಜ, ಯಾರದು ಕಳ್ಳ ಹೊಟ್ಟೆನೋವು ಅಂತ ಕಂಡುಹಿಡಿಯುವುದು ಏಳು ವರ್ಷದಲ್ಲಿ ಕಲಿತ ವಿದ್ಯೆ. ಹೊಟ್ಟೆ ಒತ್ತುವಾಗ ನಿಜವಾಗಿ ನೋಯುವ ಮಗು ನನ್ನ ಕೈಯನ್ನೇ ನೋಡುತ್ತಿರುತ್ತದೆ, ಮುಂದೆ ಎಲ್ಲಿ ಒತ್ತುತ್ತಾಳೋ ಅಂತ. ಸುಳ್ಳು ಹೇಳುವ ಮಗು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ‘ಅಮ್ಮಾ’ ಅನ್ನುತ್ತದೆ. ಒಂಟಿಕಾಲಲ್ಲಿ ಕುಣಿ ಅಂದರೆ ಅಪೆಂಡಿಕ್ಸ್ ಊದಿಕೊಂಡ ಮಗುವಿಗೆ ಆಗುವುದಿಲ್ಲ, ಟೆಸ್ಟಿಗೆ ಹೆದರಿದ ಮಗು ಮರೆತು ಕುಣಿದುಬಿಡುತ್ತದೆ. ಹಾಗಂತ ಬೈದು ಕಳಿಸುವುದಿಲ್ಲ. ಹನ್ನೊಂದು ವರ್ಷಕ್ಕೇ ತಾಯಿಯನ್ನು ಬಿಟ್ಟು ಬಂದ ಮಕ್ಕಳು. ಎಷ್ಟೋ ಸಲ ಅವರಿಗೆ ಬೇಕಿರುವುದು ಹಣೆ ಮೇಲೆ ಒಂದು ಕೈ ಅಷ್ಟೇ.

ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹೊಟ್ಟೆನೋವಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಒಮ್ಮೆ ಜ್ವರ ಅಂತ ಬಂದು, ನಾನು ಆಚೆ ತಿರುಗಿದಾಗ ಥರ್ಮಾಮೀಟರನ್ನು ಬಿಸಿನೀರಿನ ಬಕೆಟ್ಟಿಗೆ ಅದ್ದಿಬಿಟ್ಟಿದ್ದ. 107 ತೋರಿಸುತ್ತಿತ್ತು. ‘ಇಷ್ಟು ಜ್ವರ ಇದ್ದರೆ ಇಂಜೆಕ್ಷನ್ನೇ’ ಅಂದದ್ದಕ್ಕೆ ‘ಈಗ ಇಳೀತು ಸಿಸ್ಟರ್’ ಅಂತ ಓಡಿದ. ಇಡೀ ಶಾಲೆಗೆ ಗೊತ್ತು ಅವನ ಕಥೆ.

ಕಳೆದ ಜುಲೈನಲ್ಲಿ, ಮಳೆ ಬಿದ್ದು ಸುತ್ತಲಿನ ಶೇಂಗಾ ಹೊಲವೆಲ್ಲಾ ಹಸಿಯಾಗಿದ್ದ ಸಮಯ. ಮಾರನೇ ದಿನ ಗಣಿತದ ಟೆಸ್ಟ್. ರಾತ್ರಿ ಮೂರಕ್ಕೆ ಆ ಹುಡುಗ ಎದ್ದು ಹೊಟ್ಟೆನೋವು ಅಂದಿದ್ದಾನೆ. ಪಕ್ಕದವರು ‘ಟೆಸ್ಟ್ ಐತಲ್ಲ, ಅದಕ್ಕೆ’ ಅಂತ ಹೊದ್ದು ಮಲಗಿದ್ದಾರೆ. ಅವರನ್ನು ಬೈಯಲಾರೆ. ವಾರ್ಡನ್ ಆ ರಾತ್ರಿ ಇರಲಿಲ್ಲ. ನಾಲ್ಕು ಗಂಟೆಗೆ ವಾಚ್‌ಮನ್ ಅಣ್ಣ ಅವನನ್ನು ಎತ್ತಿಕೊಂಡು ಬಂದು ನನ್ನ ಬಾಗಿಲು ಬಡಿದರು.

ಹೊಟ್ಟೆ ಮೆತ್ತಗಿತ್ತು. ಜ್ವರ ಇಲ್ಲ. ಎರಡು ಸಲ ವಾಂತಿ ಮಾಡಿದ. ಮೈಮೇಲೆ ಎಲ್ಲೂ ಗಾಯ ಇಲ್ಲ, ಊತ ಇಲ್ಲ. ಮನಸ್ಸಿನಲ್ಲಿ ನಾನೂ ಒಂದು ಕ್ಷಣ ಟೆಸ್ಟಿನ ಬಗ್ಗೆಯೇ ಯೋಚಿಸಿದೆ. ಆಮೇಲೆ ಅವನು ಅಂದ, ‘ಸಿಸ್ಟರ್, ನೀವು ಎರಡೆರಡು ಕಾಣ್ತಿದೀರ.’ ಟಾರ್ಚ್ ಹಿಡಿದು ಮೇಲೆ ನೋಡು ಅಂದೆ. ರೆಪ್ಪೆ ಅರ್ಧಕ್ಕೇ ನಿಂತಿತು, ಮೇಲೇಳಲಿಲ್ಲ.

ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹೆಚ್ಚಾಗಿ ನೋವೂ ಇಲ್ಲ, ಗುರುತೂ ಇಲ್ಲ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ಆಮೇಲೆ ನುಂಗಲು ಆಗದಿರುವುದು, ಕೊನೆಗೆ ಉಸಿರು. ಆ ರೂಮಿನಲ್ಲಿ ಹದಿನೆಂಟು ಮಕ್ಕಳಿಗೆ ಹತ್ತು ಮಂಚ. ಅವನು ನೆಲದ ಮೇಲೆ ಮಲಗುವವರಲ್ಲಿ ಒಬ್ಬ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಹತ್ತಿರದ ಗಾಡಿ ಹೆರಿಗೆ ಕೇಸಿಗೆ ಹೋಗಿತ್ತು. ಅದು ಅವರ ತಪ್ಪಲ್ಲ, ಆ ತಾಯಿಗೂ ಬೇಕಲ್ಲ. ತಾಲ್ಲೂಕು ಆಸ್ಪತ್ರೆ 26 ಕಿಲೋಮೀಟರ್. ಶಾಲೆಯಲ್ಲಿ ಗಾಡಿ ಇಲ್ಲ. ಅಷ್ಟರಲ್ಲಿ ಡೈರಿಗೆ ಹಾಲಿನ ವ್ಯಾನ್ ಬಂತು. ವಾಚ್‌ಮನ್ ಅಣ್ಣ ರಸ್ತೆಗೆ ಅಡ್ಡ ನಿಂತು ನಿಲ್ಲಿಸಿದರು. ಡ್ರೈವರ್ ಒಂದೂ ಮಾತಾಡದೆ ಕ್ಯಾನ್‌ಗಳನ್ನು ರಸ್ತೆ ಪಕ್ಕ ಇಳಿಸಿ ಹತ್ತಿಸಿಕೊಂಡರು.

ಹುಡುಗನನ್ನು ಮಗ್ಗುಲಾಗಿ ತೊಡೆಯ ಮೇಲೆ ಮಲಗಿಸಿಕೊಂಡೆ. ಎಂಜಲು ನುಂಗಲಾಗದೆ ಸೀರೆಯ ಮೇಲೆಲ್ಲಾ ಸುರಿಯುತ್ತಿತ್ತು. ಉಸಿರಾಟದ ಶಕ್ತಿ ಎಷ್ಟಿದೆ ಅಂತ ನೋಡಲು ಒಂದೇ ಉಸಿರಿನಲ್ಲಿ ಎಣಿಸಲು ಹೇಳುವುದು ಒಂದು ಕ್ರಮ. ‘ಎಣಿಸೋ ಮಗಾ’ ಅಂದೆ. ಊರ ಕೆರೆ ಏರಿಯ ಹತ್ತಿರ ಹದಿನೈದರವರೆಗೆ ಎಣಿಸಿದ. ಹೈವೇಗೆ ಬರುವಾಗ ಒಂಬತ್ತು. ಆಸ್ಪತ್ರೆ ಗೇಟಿನಲ್ಲಿ ನಾಲ್ಕು. ಐದು ಅನ್ನಲಿಲ್ಲ.

ಆ ಡ್ಯೂಟಿ ಡಾಕ್ಟರಿಗೆ ನನ್ನ ಕೈಮುಗಿತ. ಹೆಸರು ಕೇಳುವ ಮೊದಲೇ ವಿಷನಿರೋಧಕ ಚುಚ್ಚುಮದ್ದಿನ ಹತ್ತು ವಯಲ್ ಡ್ರಿಪ್ಪಿಗೆ ಹಾಕಿದರು, ಚೀಲ ಒತ್ತಿ ಉಸಿರು ಕೊಡುತ್ತಲೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಮೂರು ದಿನ ವೆಂಟಿಲೇಟರ್. ಹುಡುಗ ಉಳಿದ.

ನಾನು ಶಾಲೆಗೆ ವಾಪಸ್ ಬಂದದ್ದು ಮಾರನೇ ದಿನ ಮಧ್ಯಾಹ್ನ. ಅಲ್ಲಿಯವರೆಗೆ 249 ಮಕ್ಕಳಿಗೆ ಯಾರೂ ಇರಲಿಲ್ಲ. ಅವರಲ್ಲಿ ಒಬ್ಬಳಿಗೆ ಉಬ್ಬಸ, ಇನ್‌ಹೇಲರ್ ನನ್ನ ಕಪಾಟಿನಲ್ಲಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ವ್ಯಾನಿನಲ್ಲಿ ಕೂತು ಆ ಹುಡುಗನ ಉಸಿರು ಎಣಿಸುವಾಗ ನನಗೆ ಅವಳ ಉಸಿರಿನದೂ ಚಿಂತೆ. ಒಬ್ಬಳೇ ನರ್ಸ್ ಅಂದರೆ ಇದು, ಸಾರ್. ಅದಕ್ಕೇ ಇನ್ನೊಬ್ಬ ನರ್ಸ್ ಕೊಡಿ ಅನ್ನುವುದು. ಅದಕ್ಕೇ ಗಾಡಿ ಕೊಡಿ ಅನ್ನುವುದು.

ನಾಲ್ಕು ದಿನ ಬಿಟ್ಟು ನನ್ನ ಕೈಗೆ ಒಂದು ಕಾಗದ ಬಂತು. ‘ಮೇಲಧಿಕಾರಿಗಳ ಪೂರ್ವಾನುಮತಿ ಇಲ್ಲದೆ ರಾತ್ರಿ ವೇಳೆ ಶಾಲಾ ಆವರಣ ಬಿಟ್ಟು ತೆರಳಿರುವ ಬಗ್ಗೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.’ ನಾನು ನಿಂತುಕೊಂಡೇ ಎರಡು ಸಲ ಓದಿದೆ. ಹಾವಿನ ಬಗ್ಗೆ ಒಂದು ಅಕ್ಷರ ಇಲ್ಲ. ಮಂಚದ ಬಗ್ಗೆ ಇಲ್ಲ. ಆ ರಾತ್ರಿ ಇಲ್ಲದ ವಾರ್ಡನ್ ಬಗ್ಗೆ ಇಲ್ಲ. ಯಾರ ಅನುಮತಿ ಕೇಳಬೇಕಿತ್ತು ನಾನು, ಬೆಳಗಿನ ಜಾವ ನಾಲ್ಕಕ್ಕೆ? ಫೋನ್ ಎತ್ತದವರದೇ? ಕೇಳಿಕೊಂಡು ಕೂತಿದ್ದರೆ ಈ ಹೊತ್ತಿಗೆ ಆ ತಾಯಿಗೆ ಏನು ಸಮಜಾಯಿಷಿ ಬರೆಯುತ್ತಿದ್ದರು ಇವರು? 2024ರಲ್ಲಿ ನಮ್ಮದೇ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆಸ್ಪತ್ರೆಯಿಂದ ವರದಿ ಹೋಗಿದೆ. ಅದನ್ನು ಓದಿ ನಮ್ಮ ಶಾಲೆಗೆ ಯಾರೂ ಬಂದಿಲ್ಲ. ಬಂದದ್ದು ನನಗೆ ಕೊಟ್ಟ ನೋಟಿಸ್ ಮಾತ್ರ.

ಸಮಜಾಯಿಷಿ ಬರೆದುಕೊಟ್ಟೆ, ಆಸ್ಪತ್ರೆಯ ಕಾಗದದ ಜೆರಾಕ್ಸ್ ಲಗತ್ತಿಸಿದೆ. ಉತ್ತರ ಇಲ್ಲ. ‘ಈ ಸಲ ರಿನ್ಯೂವಲ್ ಸ್ವಲ್ಪ ಕಷ್ಟ’ ಅಂತ ಏಜೆನ್ಸಿಯ ಹುಡುಗ ಹೇಳಿದ. ನನ್ನನ್ನು ತೆಗೆಯಿರಿ ಬೇಕಾದರೆ. ಆದರೆ ನನ್ನ ಜಾಗಕ್ಕೆ ಇಬ್ಬರನ್ನು ಹಾಕಿ. ಎಂಟು ಮಂಚ ಊರಿನವರೇ ಚಂದಾ ಎತ್ತಿ ಕೊಡಿಸಿದರು, ಅದನ್ನು ನಾನು ನಿಮ್ಮನ್ನು ಕೇಳುತ್ತಿಲ್ಲ. ನರ್ಸನ್ನೂ ಗಾಡಿಯನ್ನೂ ಊರಿನವರು ಚಂದಾ ಎತ್ತಿ ತರಲಾಗುವುದಿಲ್ಲ. ನಿಯಮ ಏನಿದೆ, ಯಾವ ನಿಧಿಯಿಂದ ಆಗುತ್ತದೆ, ಯಾರ ಸಹಿ ಬೇಕು, ಇದೆಲ್ಲಾ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹುಡುಗ ಶಾಲೆಗೆ ಬಂದಿದ್ದಾನೆ. ಈಗ ಮಂಚದ ಮೇಲೆ ಮಲಗುತ್ತಾನೆ. ಹೋದ ವಾರ ಟೆಸ್ಟಿನ ದಿನ ಮತ್ತೆ ಹೊಟ್ಟೆ ಹಿಡಿದುಕೊಂಡು ಬಂದ. ಟಾರ್ಚ್ ತೆಗೆದುಕೊಂಡು ರೆಪ್ಪೆ ನೋಡಿದೆ, ಒಂದೇ ಉಸಿರಿನಲ್ಲಿ ಎಣಿಸು ಅಂದೆ. ಮೂವತ್ತೆರಡರವರೆಗೆ ಎಣಿಸಿ ‘ಸಾಕಾ ಸಿಸ್ಟರ್?’ ಅಂದ. ಸಾಕು, ಹೋಗು ಟೆಸ್ಟಿಗೆ ಅಂತ ಬೆನ್ನು ತಟ್ಟಿ ಕಳಿಸಿ, ಬಾಗಿಲು ಹಾಕಿಕೊಂಡು ಅತ್ತೆ.

ಮುಂದಿನ ತಿಂಗಳು 14ಕ್ಕೆ ನನ್ನ ಮಗಳ ಹುಟ್ಟುಹಬ್ಬ. ಒಂದು ರಾತ್ರಿ ರಜೆ ಬರೆದುಕೊಟ್ಟಿದ್ದೇನೆ. ಆ ರಾತ್ರಿ ಈ 250 ಮಕ್ಕಳ ಜೊತೆ ಯಾರಿರುತ್ತಾರೆ ಅಂತ ದಯವಿಟ್ಟು ಅಷ್ಟರೊಳಗೆ ತಿಳಿಸಿ. ಇನ್‌ಹೇಲರ್ ಇರುವ ಕಪಾಟಿನ ಬೀಗದ ಕೈ ಅವರ ಕೈಗೆ ಕೊಟ್ಟು ಹೋಗಬೇಕು.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಕ್ಷೇತ್ರದ ಒಬ್ಬ ಶಾಲಾ ನರ್ಸ್